ಮೊದಲ ಮೇಜಿನಲ್ಲೇ ತೀರಿದ ನೀರು: ಷಿಕಾಗೋ ಮ್ಯಾರಥಾನ್, 2007

2007ರ ಅಕ್ಟೋಬರ್ 7, ಭಾನುವಾರ. ಷಿಕಾಗೋದ ಗ್ರಾಂಟ್ ಪಾರ್ಕಿನಿಂದ ಬೆಳಿಗ್ಗೆ ಎಂಟಕ್ಕೆ ಹೊರಟ ಮ್ಯಾರಥಾನನ್ನು ಸುಮಾರು ಮೂರೂವರೆ ಗಂಟೆ ಕಳೆದ ಮೇಲೆ ಸಂಘಟಕರು ಅರ್ಧಕ್ಕೇ ನಿಲ್ಲಿಸಿದರು. ಹೆಸರು ಕೊಟ್ಟಿದ್ದವರು 45,000. ಓಡಲು ಶುರು ಮಾಡಿದವರು 35,867. ಕೊನೆಯ ಗೆರೆ ಮುಟ್ಟಿದವರು 24,933. ಅಂದಿನ ಗರಿಷ್ಠ ಉಷ್ಣಾಂಶ 31 ಡಿಗ್ರಿ ಸೆಲ್ಸಿಯಸ್. ಅಕ್ಟೋಬರ್ ಮೊದಲ ವಾರದಲ್ಲಿ ಆ ಊರಿನ ಮಧ್ಯಾಹ್ನ ಸಾಮಾನ್ಯವಾಗಿ 18 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಓಟ ನಿಂತದ್ದು ಬಿಸಿಲಿಗೆ ಎನ್ನುವುದು ಎಲ್ಲರೂ ಹೇಳುವ ಮಾತು. ಸುಳ್ಳಲ್ಲ. ಆದರೆ ಅಂದು ಓಡಿದವರು ಆಮೇಲೆ ಪತ್ರಿಕೆಗಳಿಗೆ, ಟೀವಿಯವರಿಗೆ ಹೇಳಿಕೊಂಡದ್ದರಲ್ಲಿ ಬಿಸಿಲಿಗಿಂತ ಜೋರಾಗಿ ಕೇಳಿಸಿದ ದೂರು ಇನ್ನೊಂದಿತ್ತು: ನೀರಿನ ಮೇಜಿನ ಹತ್ತಿರ ಹೋದರೆ ಲೋಟ ಇರಲಿಲ್ಲ, ಲೋಟ ಇದ್ದಲ್ಲಿ ನೀರಿರಲಿಲ್ಲ. ಅದೂ ಮೂವತ್ತನೇ ಕಿಲೋಮೀಟರಿನಲ್ಲಿ ಅಲ್ಲ, ಶುರುವಿನ ಮೇಜುಗಳಲ್ಲೇ. ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇರುವುದು ಅಲ್ಲಿ. ಬಿಸಿಲು ಯಾರ ಕೈಯಲ್ಲೂ ಇರಲಿಲ್ಲ. ಮೇಜು ಸಂಘಟಕರ ಕೈಯಲ್ಲಿತ್ತು.

ದಾರಿ ಮತ್ತು ನೆರಳು

ಷಿಕಾಗೋ ದಾರಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಮಿಷಿಗನ್ ಸರೋವರದ ದಡದ ಈ ಊರು ಬಯಲಿನಷ್ಟು ಸಮತಟ್ಟು. ಹೇಳಿಕೊಳ್ಳುವಂಥ ಏರು ಇಲ್ಲ, ಇಳಿಜಾರಿಲ್ಲ, ಅಕ್ಟೋಬರಿನಲ್ಲಿ ಹವೆ ತಂಪು. ಹಾಗಾಗಿ ಸಮಯ ಕಡಿಮೆ ಮಾಡಿಕೊಳ್ಳುವ ಆಸೆಯವರೆಲ್ಲ ಇಲ್ಲಿಗೇ ಬರುತ್ತಾರೆ. 1999ರಲ್ಲಿ ಖಾಲಿದ್ ಖನ್ನೂಚಿ 2:05:42ರಲ್ಲಿ ಓಡಿ ಅಂದಿನ ವಿಶ್ವದಾಖಲೆ ಬರೆದದ್ದು ಇಲ್ಲಿ. 2002ರಲ್ಲಿ ಪೌಲಾ ರ‍್ಯಾಡ್‌ಕ್ಲಿಫ್ 2:17:18 ಓಡಿ ಮಹಿಳೆಯರ ಅಂದಿನ ವಿಶ್ವದಾಖಲೆ ಬರೆದದ್ದೂ ಇಲ್ಲೇ. ಬೆಂಗಳೂರಿನ ಓಟದ ಗುಂಪುಗಳಲ್ಲೂ ಈಗ ಷಿಕಾಗೋ ಹೆಸರಿಗೆ ಒಂದು ತೂಕವಿದೆ. ಲಾಟರಿಯಲ್ಲಿ ಹೆಸರು ಬಂದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂದು ಬೇರೆ ಸುದ್ದಿ ಇರುವುದಿಲ್ಲ.

ದಾರಿ ಊರಿನ ನಡುಭಾಗದಿಂದ ಮೂರು ದಿಕ್ಕಿಗೆ ಹೋಗಿ ಬರುತ್ತದೆ. ಮೊದಲು ಬಡಗಣಕ್ಕೆ, ಲಿಂಕನ್ ಪಾರ್ಕಿನ ಕಡೆ. ಅಲ್ಲಿಂದ ತಿರುಗಿ ಊರ ನಡುವಿಗೆ ಬರುವಾಗ ಅರ್ಧ ಮ್ಯಾರಥಾನ್ ಮುಗಿದಿರುತ್ತದೆ. ಆಮೇಲೆ ಪಡುವಣಕ್ಕೆ, ಗ್ರೀಕ್‌ಟೌನ್ ಹಾದು ಯುನೈಟೆಡ್ ಸೆಂಟರ್ ತನಕ. ಮೂರನೆಯದು ತೆಂಕಣಕ್ಕೆ: ಪಿಲ್ಸೆನ್, ಚೈನಾಟೌನ್, 35ನೇ ಬೀದಿ, ಕೊನೆಗೆ ಮಿಷಿಗನ್ ಅವೆನ್ಯೂ ಹಿಡಿದು ಉತ್ತರಕ್ಕೆ ಬಂದು ರೂಸ್‌ವೆಲ್ಟ್ ರಸ್ತೆಯ ಸಣ್ಣ ಏರು ಹತ್ತಿದರೆ ಗ್ರಾಂಟ್ ಪಾರ್ಕ್. ಮೊದಲರ್ಧದಲ್ಲಿ ಗಗನಚುಂಬಿ ಕಟ್ಟಡಗಳ ನೆರಳು, ಪಾರ್ಕಿನ ಮರಗಳು. ಎರಡನೇ ಅರ್ಧದಲ್ಲಿ ಅಗಲ ರಸ್ತೆ, ತಗ್ಗು ಕಟ್ಟಡ, ತಲೆಯ ಮೇಲೆ ಬೋಳು ಆಕಾಶ. ಹೊತ್ತು ಏರುತ್ತಾ ಹೋದಂತೆ ನೆರಳು ಕಡಿಮೆಯಾಗುವ ಹಾಗೆ ಈ ದಾರಿ ಇದೆ. ತಂಪಿನ ವರ್ಷಗಳಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ.

ಮೂವತ್ತೊಂದು ಡಿಗ್ರಿ ಅಂದರೆ ಎಷ್ಟು?

ಕಲಬುರಗಿ, ರಾಯಚೂರಿನವರು ಈ ಅಂಕಿ ಕೇಳಿದರೆ ನಕ್ಕುಬಿಟ್ಟಾರು. ಮೂವತ್ತೊಂದು ಅವರಿಗೆ ತಂಪು ಹೊತ್ತು. ಆದರೆ ಕೂತವನಿಗೂ ಓಡುವವನಿಗೂ ಒಂದೇ ಉಷ್ಣಾಂಶ ಒಂದೇ ಅಲ್ಲ. 70 ಕಿಲೋ ತೂಗುವವರು ಒಂದು ಕಿಲೋಮೀಟರ್ ಓಡಲು ಸುಮಾರು 70 ಕಿಲೋಕ್ಯಾಲರಿ ಸುಡುತ್ತಾರೆ. 42.195 ಕಿಲೋಮೀಟರಿಗೆ ಹತ್ತಿರಹತ್ತಿರ 3,000. ಇದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಓಟಕ್ಕೆ ದಕ್ಕುವುದಿಲ್ಲ, ಬರೀ ಶಾಖವಾಗಿ ಮೈಯೊಳಗೆ ಉಳಿಯುತ್ತದೆ. ಅದನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಶಾಖ ಒಯ್ಯುತ್ತದೆ. ಸುತ್ತಲ ಗಾಳಿ ತಂಪಾಗಿದ್ದರೆ ಅದೂ ಒಂದಿಷ್ಟು ಶಾಖ ಎಳೆದುಕೊಳ್ಳುತ್ತದೆ. ಗಾಳಿಯೇ ಬಿಸಿಯಾಗಿದ್ದರೆ ಹೆಚ್ಚುಕಡಿಮೆ ಎಲ್ಲವೂ ಬೆವರಿನ ಮೇಲೆ ಬಿತ್ತು, ಅಂದರೆ ನಾಲ್ಕು ಲೀಟರಿನ ಲೆಕ್ಕ.

ಇದರಲ್ಲಿ ಮುಖ್ಯ ಪದ ‘ಆವಿಯಾದರೆ’. ಅಂದು ಬೆಳಿಗ್ಗೆ ಷಿಕಾಗೋದ ಗಾಳಿಯಲ್ಲಿ ತೇವ ತುಂಬಿತ್ತು. ಮಂಗಳೂರಿನಲ್ಲಿ ಓಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬೆವರು ಮೈಮೇಲೆ ಆರುವುದಿಲ್ಲ, ಮೊಣಕೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಬೆವರು ನೀರು-ಉಪ್ಪನ್ನು ಒಯ್ದಿರುತ್ತದೆ, ಶಾಖವನ್ನು ಒಯ್ದಿರುವುದಿಲ್ಲ. ಆಗ ಮೈ ಒಳಗಿಂದಲೇ ಕಾಯುತ್ತದೆ. ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿ ಮಾತು ತಡವರಿಸತೊಡಗಿದರೆ, ಹೆಜ್ಜೆ ಅಡ್ಡಾದಿಡ್ಡಿಯಾದರೆ, ಅದು ಬರೀ ಸುಸ್ತಲ್ಲ, ಶಾಖಾಘಾತ. ಐಸು ನೀರಿನ ತೊಟ್ಟಿಯಲ್ಲಿ ತಕ್ಷಣ ಮುಳುಗಿಸುವುದೇ ಅದಕ್ಕೆ ಮೊದಲ ಚಿಕಿತ್ಸೆ.

ಈ ಸ್ಥಿತಿಯಲ್ಲಿ ಓಟಗಾರನ ಕೈಗೆ ಒಂದು ಲೋಟ ನೀರು ಸಿಕ್ಕರೆ ಆತ ಏನು ಮಾಡುತ್ತಾನೆ? ಅರ್ಧ ಕುಡಿದು ಅರ್ಧ ತಲೆಗೆ ಸುರಿದುಕೊಳ್ಳುತ್ತಾನೆ. ಸಿಕ್ಕರೆ ಇನ್ನೊಂದು ತೆಗೆದುಕೊಂಡು ಕತ್ತಿನ ಹಿಂದಕ್ಕೆ. ಇದು ದುಂದಲ್ಲ, ಮೈ ಕೇಳುವುದೇ ಅದನ್ನು. ಮೇಜಿನ ಲೆಕ್ಕ ತಪ್ಪಿದ್ದು ಇಲ್ಲಿಂದ.

ಮೇಜಿನ ಲೆಕ್ಕ

ದೊಡ್ಡ ಓಟದಲ್ಲಿ ನೀರಿನ ಮೇಜಿನ ಹಿಂದೆ ನಿಂತವರಿಗೆ ಈ ಕೆಲಸದ ಒಳಗುಟ್ಟು ಗೊತ್ತಿರುತ್ತದೆ. ಬೆಂಗಳೂರಿನ ಓಟಗಳಲ್ಲಿ ನಾನೂ ನಿಂತಿದ್ದೇನೆ. ಓಟಗಾರರು ಬರುವ ಮೊದಲೇ ಲೋಟಗಳಿಗೆ ನೀರು ತುಂಬಿ ಸಾಲಾಗಿ ಇಡಬೇಕು. ಮೇಜು ತುಂಬಿದ ಮೇಲೆ ಲೋಟಗಳ ಮೇಲೊಂದು ರಟ್ಟಿನ ಹಾಳೆ ಹಾಸಿ, ಅದರ ಮೇಲೆ ಎರಡನೇ ಅಂತಸ್ತು, ಮತ್ತೆ ರಟ್ಟು, ಮೂರನೇ ಅಂತಸ್ತು. ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕೈ ಚಾಚಬೇಕು, ಓಟಗಾರ ನಿಲ್ಲದೆ ಕಸಿದುಕೊಂಡು ಹೋಗುವ ಹಾಗೆ. ಪಳಗಿದ ಓಟಗಾರ ಲೋಟದ ಬಾಯಿಯನ್ನು ಅಮುಕಿ ಕೊಕ್ಕಿನಂತೆ ಮಾಡಿಕೊಂಡು ಗುಟುಕರಿಸುತ್ತಾನೆ. ಹೊಸಬ ಮೂಗಿಗೆ ಏರಿಸಿಕೊಂಡು ಕೆಮ್ಮುತ್ತಾನೆ. ಮೊದಲ ಹತ್ತು ನಿಮಿಷ ಎಲ್ಲ ಚೆಂದ. ಜಂಗುಳಿ ಬಂತು ಅನ್ನಿ, ಮೂರು ಅಂತಸ್ತು ನೋಡನೋಡುತ್ತಿದ್ದಂತೆ ಕರಗುತ್ತದೆ. ಆಮೇಲೆ ತುಂಬುವ ಕೈಗೂ ಕಸಿಯುವ ಕೈಗೂ ಜಿದ್ದು. ಕ್ಯಾನು ಬಗ್ಗಿಸಿ ಲೋಟಕ್ಕೆ ಸುರಿಯುವಷ್ಟರಲ್ಲಿ ಐದು ಕೈ ಮುಂದೆ ಬಂದಿರುತ್ತವೆ. “ಮುಂದೆ ಹೋಗಿ ಸರ್, ಇನ್ನೊಂದ್ ಟೇಬಲ್ ಇದೆ” ಎಂದು ಕೂಗುವ ಹೊತ್ತು ಬಂತೆಂದರೆ ಮೇಜು ಸೋತಿದೆ ಎಂದೇ ಅರ್ಥ. ಜಾಗದ ಹೆಸರು ಬದಲಾದರೂ ಈ ಕೆಲಸ ಬದಲಾಗುವುದಿಲ್ಲ.

ಈಗ ಷಿಕಾಗೋದ ಅಂಕಿ ಹಾಕಿ ನೋಡಿ. ಮೂವತ್ತಾರು ಸಾವಿರ ಜನ ಒಂದು ಮೇಜಿನ ಸಾಲನ್ನು ಮುಕ್ಕಾಲು ಗಂಟೆಯಲ್ಲಿ ಹಾದುಹೋಗುತ್ತಾರೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 800 ಜನ, ಸೆಕೆಂಡಿಗೆ ಹದಿಮೂರು. ತಂಪು ದಿನದಲ್ಲಿ ಮೊದಲ ಮೇಜನ್ನು ಅರ್ಧಕ್ಕರ್ಧ ಜನ ತಿರುಗಿಯೂ ನೋಡುವುದಿಲ್ಲ, ಇನ್ನೂ ಬಾಯಾರಿರುವುದಿಲ್ಲ. ಆಗ ಸೆಕೆಂಡಿಗೆ ಆರೇಳು ಲೋಟ ಸಾಕು. ಬಿಸಿಲಿನ ದಿನ ಎಲ್ಲರೂ ಬರುತ್ತಾರೆ, ಪ್ರತಿಯೊಬ್ಬರೂ ಎರಡೆರಡು ಎತ್ತುತ್ತಾರೆ. ಸೆಕೆಂಡಿಗೆ ಇಪ್ಪತ್ತಾರು ಲೋಟ. ಬೇಡಿಕೆ ಶೇಕಡಾ ಇಪ್ಪತ್ತೋ ಮೂವತ್ತೋ ಏರಲಿಲ್ಲ, ನಾಲ್ಕು ಪಟ್ಟಾಯಿತು. ಇದು ನನ್ನ ಕೈಲೆಕ್ಕ, ಸಂಘಟಕರದ್ದಲ್ಲ. ಆದರೂ ಮೊದಲ ಮೇಜುಗಳೇ ಏಕೆ ಮೊದಲು ಸೋತವು ಎನ್ನುವುದಕ್ಕೆ ಇದಕ್ಕಿಂತ ಸರಳ ಉತ್ತರ ನನಗೆ ಸಿಕ್ಕಿಲ್ಲ. ಶುರುವಿನಲ್ಲಿ ಜನ ಒತ್ತಾಗಿರುತ್ತಾರೆ. ಮುಂದೆ ಹೋದಂತೆ ಚದುರುತ್ತಾರೆ.

ಸಂಘಟಕರು ಅಂದು ಹೇಳಿದ್ದು ನೀರು ಸಾಕಷ್ಟಿತ್ತು, ಜನ ಅದನ್ನು ಕುಡಿಯುವುದರ ಜೊತೆಗೆ ಮೈಗೂ ಸುರಿದುಕೊಂಡರು, ಸ್ವಯಂಸೇವಕರಿಗೆ ಅಷ್ಟು ಬೇಗ ತುಂಬಿಕೊಡಲು ಆಗಲಿಲ್ಲ ಎಂದು. ಓಟಗಾರರು ಹೇಳಿದ್ದು ನೀರೇ ಇರಲಿಲ್ಲ ಎಂದು. ಎರಡೂ ಕಡೆಯವರು ನಿಜವನ್ನೇ ಹೇಳಿರಬಹುದು. ಮದುವೆ ಮನೆಯಲ್ಲಿ ಹಿಂದುಗಡೆ ಕೊಪ್ಪರಿಗೆ ತುಂಬ ಅನ್ನ ಇದ್ದೂ ಪಂಕ್ತಿಯಲ್ಲಿ ಎಲೆ ಖಾಲಿ ಬಿದ್ದಿರುವುದುಂಟು. ಬಡಿಸುವವರು ಸಾಲದಾದಾಗ ಉಂಡವರು “ಅನ್ನ ಸಾಲಲಿಲ್ಲ” ಎಂದೇ ಹೇಳಿಕೊಂಡು ಹೋಗುತ್ತಾರೆ, ತಪ್ಪೇನಿದೆ? ಆದರೆ ಸಂಘಟಕರ ಸಮಜಾಯಿಷಿಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸೆಕೆ ಹೇಳದೆ ಕೇಳದೆ ಬಂದದ್ದಲ್ಲ, ಮುನ್ಸೂಚನೆ ದಿನಗಳ ಮುಂಚೆಯೇ ಇತ್ತು. ಬಿಸಿಲಿನಲ್ಲಿ ಜನ ನೀರನ್ನು ತಲೆಗೆ ಸುರಿದುಕೊಳ್ಳುತ್ತಾರೆ ಎನ್ನುವುದು ಓಟದ ದಿನ ಗೊತ್ತಾಗಬೇಕಾದ ಸಂಗತಿಯೇ?

ಇನ್ನೊಂದು ಸಂಗತಿ ಇದೆ, ಇದು ಲೋಟದ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಮೇಜು ಖಾಲಿ ಕಂಡವರು ಮುಂದಿನ ಮೇಜಿನಲ್ಲಿ ಮೊದಲಿನ ಹಾಗೆ ವರ್ತಿಸುವುದಿಲ್ಲ. ಅದರಾಚೆಯ ಮೇಜಿನಲ್ಲಿ ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆ ಹತ್ತುತ್ತದೆ. ನಿಂತು ಕುಡಿಯುತ್ತಾರೆ, ಮೂರು ಲೋಟ ಎತ್ತುತ್ತಾರೆ, ಕೆಲವರು ಕ್ಯಾನಿಗೇ ಕೈ ಹಾಕುತ್ತಾರೆ. ಹೀಗೆ ಒಂದು ಮೇಜಿನ ಕೊರತೆ ಮುಂದಿನ ಮೇಜುಗಳಿಗೆ ತಾನಾಗಿ ಹಬ್ಬುತ್ತದೆ.

ಅಳತೆ ಮೀರಿ ಕುಡಿಯುವುದೂ ಅಪಾಯವೇ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 13 ಜನರ ರಕ್ತದಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಹೆಚ್ಚು ನೀರು ಕುಡಿದು ಓಟದುದ್ದಕ್ಕೂ ತೂಕ ಏರಿಸಿಕೊಂಡವರಲ್ಲಿ ಇದು ಹೆಚ್ಚು. ಅಲ್ಲಿಂದೀಚೆಗೆ ಓಟಗಾರರಿಗೆ ಎಲ್ಲ ಕಡೆ ಒಂದೇ ಪಾಠ: ಬಾಯಾರಿದಷ್ಟೇ ಕುಡಿಯಿರಿ. ಒಳ್ಳೆಯ ಪಾಠ, ಆದರೆ ಬಾಯಾರಿದಾಗಲೆಲ್ಲ ನೀರು ಸಿಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಪಾಠ. ಸಿಕ್ಕ ಕಡೆ ಹೊಟ್ಟೆ ತುಂಬಿಸಿಕೊಳ್ಳುವ, ಸಿಗದ ಕಡೆ ಒಣಗುವ ದಿನದಲ್ಲಿ ಅದನ್ನು ಪಾಲಿಸುವುದು ಹೇಗೆ?

ಒಂದು ಓಟ, ಎರಡು ದಿನ

ಅಂದಿನ ಗೆಲುವಿನ ಕಥೆಯೇ ಬೇರೆ, ಅದು ರೋಚಕವಾಗಿತ್ತು. ಕೀನ್ಯಾದ ಪ್ಯಾಟ್ರಿಕ್ ಇವುತಿ ಮತ್ತು ಮೊರಾಕೋದ ಜವಾದ್ ಘರೀಬ್ ಇಬ್ಬರದ್ದೂ 2:11:11. ಫೋಟೋ ನೋಡಿ ಇವುತಿ ಸೆಕೆಂಡಿನ ನೂರರಲ್ಲಿ ಐದು ಭಾಗದಷ್ಟು ಮುಂದಿದ್ದಾರೆ ಎಂದು ತೀರ್ಮಾನಿಸಿದರು. ಮಹಿಳೆಯರ ಓಟದಲ್ಲಿ ರುಮೇನಿಯಾದ ಆದ್ರಿಯಾನಾ ಪಿರ್ತಿಯಾ ಗೆದ್ದೆನೆಂದುಕೊಂಡು ಜನರತ್ತ ಕೈ ಬೀಸುತ್ತಾ ಬರುತ್ತಿದ್ದರು. ರಸ್ತೆಯ ಇನ್ನೊಂದು ಮಗ್ಗುಲಿನಿಂದ ಇಥಿಯೋಪಿಯಾದ ಬೆರ್ಹಾನೆ ಅದೆರೆ ದಾಪುಗಾಲು ಹಾಕಿ ಹಿಂದಿಕ್ಕಿದರು. 2:33:49 ಮತ್ತು 2:33:52, ಮೂರೇ ಸೆಕೆಂಡು ಅಂತರ.

ಆ ಅಂಕಿಗಳನ್ನು ಹಿಂದಿನ ವರ್ಷದ ಪಕ್ಕದಲ್ಲಿಟ್ಟು ನೋಡಬೇಕು. 2006ರಲ್ಲೂ ಷಿಕಾಗೋ ಗೆದ್ದದ್ದು ಇದೇ ಅದೆರೆ. ಆಗ ಅವರ ಸಮಯ 2:20:42. ಅದೇ ಊರು, ಅದೇ ಸಪಾಟು ದಾರಿ, ಅದೇ ಓಟಗಾರ್ತಿ, ಹದಿಮೂರು ನಿಮಿಷ ಹೆಚ್ಚು. ಜಗತ್ತಿನ ಶ್ರೇಷ್ಠರಲ್ಲೊಬ್ಬರಿಗೆ, ಸ್ವಂತ ಬಾಟಲಿಗಳು ತಮಗಾಗಿಯೇ ಇಟ್ಟ ಮೇಜಿನಲ್ಲಿ ಕಾದಿರುವವರಿಗೆ, ಹದಿಮೂರು ನಿಮಿಷ.

ಇವುತಿ ಗೆರೆ ಮುಟ್ಟಿದಾಗ ಗಂಟೆ ಹತ್ತು ದಾಟಿ ಹನ್ನೊಂದು ನಿಮಿಷ. ಐದು ಗಂಟೆಯ ಓಟಗಾರ ಆಗ ಇನ್ನೂ ಅರ್ಧ ದಾರಿಯ ಹತ್ತಿರ, ಕಟ್ಟಡಗಳ ನೆರಳಿನ ಕೊನೆಯ ತುಂಡಿನಲ್ಲಿ. ಅವನ ಮುಂದೆ ಬೋಳು ರಸ್ತೆಯ ಇಪ್ಪತ್ತು ಕಿಲೋಮೀಟರ್, ಏರುವ ಸೂರ್ಯ, ಮುಂದೆ ಹೋದ ಇಪ್ಪತ್ತು ಸಾವಿರ ಕೈಗಳು ಮುಗಿಸಿಹೋದ ಮೇಜು. ಮೆಲ್ಲನೆ ಓಡುವವರಿಗೆ ಬಿಸಿಲೂ ಹೆಚ್ಚು, ಹೊತ್ತೂ ಹೆಚ್ಚು, ನೀರು ಮಾತ್ರ ಕಡಿಮೆ. ನಗರದ ಮ್ಯಾರಥಾನುಗಳು ನಡೆಯುವುದು ಈ ಮೆಲ್ಲನೆಯವರ ಶುಲ್ಕದಿಂದ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಟೀವಿಯಲ್ಲಿ ಮಾತ್ರ ಅವರು ಕಾಣುವುದಿಲ್ಲ.

ಅಂದು ಆ ಹಿಂದಿನ ಸಾಲುಗಳನ್ನು ಕಾಪಾಡಿದವರಲ್ಲಿ ಊರಿನವರ ಪಾಲು ದೊಡ್ಡದು. ಮನೆಗಳವರು ತೋಟಕ್ಕೆ ನೀರು ಬಿಡುವ ಪೈಪನ್ನು ರಸ್ತೆಗೆ ತಿರುಗಿಸಿದರು. ಅಗ್ನಿಶಾಮಕದವರು ಬೆಂಕಿ ಆರಿಸಲೆಂದು ರಸ್ತೆಬದಿಯಲ್ಲಿಟ್ಟ ನೀರಿನ ಕೊಳಾಯಿಗಳನ್ನು (ಹೈಡ್ರಂಟು) ಬಿಟ್ಟರು. ಓಟ ನೋಡಲು ಬಂದವರು ಬಾಟಲಿ ಹಂಚಿದರು. ಓಟಗಾರರೇ ಅಂಗಡಿಗೆ ನುಗ್ಗಿ ನೀರು, ಶರಬತ್ತು ಕೊಂಡುಕೊಂಡರು. ಚಡ್ಡಿಯ ಸಣ್ಣ ಜೇಬಿನಲ್ಲಿ ಒಂದು ನೋಟು ಮಡಚಿಟ್ಟುಕೊಂಡು ಓಡುವ ಅಭ್ಯಾಸವನ್ನು ಹಳೆಯ ಓಟಗಾರರು ಹೊಸಬರಿಗೆ ಏಕೆ ಹೇಳಿಕೊಡುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

‘ನಿಲ್ಲಿ’ ಅಂದಾಗ

ಹನ್ನೊಂದೂವರೆಯ ಸುಮಾರಿಗೆ ಓಟ ನಿಲ್ಲಿಸುವ ನಿರ್ಧಾರ ಹೊರಬಿತ್ತು. ಅರ್ಧ ದಾರಿ ತಲುಪದವರನ್ನು ಗ್ರಾಂಟ್ ಪಾರ್ಕಿನ ಕಡೆ ತಿರುಗಿಸಿದರು. ಅದನ್ನು ದಾಟಿದವರಿಗೆ ಓಡಬೇಡಿ, ನಡೆಯಿರಿ ಎಂದರು. ಪೊಲೀಸರು ಧ್ವನಿವರ್ಧಕ ಹಿಡಿದು ಕೂಗಿದರು, ತಲೆಯ ಮೇಲೆ ಹೆಲಿಕಾಪ್ಟರುಗಳು ಸುತ್ತಿದವು. ಕಡೆಗೆ ಬಸ್ಸುಗಳೂ ಬಂದವು.

ಕಾಗದದ ಮೇಲೆ ಇದು ಅಚ್ಚುಕಟ್ಟು. ನಕ್ಷೆ ತೆರೆದು ನೋಡಿದರೆ ಎಡವಟ್ಟು ಕಾಣುತ್ತದೆ. ಅರ್ಧ ದಾರಿಯ ಗುರುತು ಊರ ನಡುವೆಯೇ ಇರುವುದರಿಂದ ಅಲ್ಲಿಂದ ಗ್ರಾಂಟ್ ಪಾರ್ಕಿಗೆ ನಾಲ್ಕು ಹೆಜ್ಜೆ. ಅತಿ ಹಿಂದಿದ್ದವರಿಗೆ ಹೀಗೆ ಹಾದಿ ಸುಲಭವಾಯಿತು. ಸಿಕ್ಕಿಹಾಕಿಕೊಂಡದ್ದು ನಡುವಿನವರು. ಇಪ್ಪತ್ತೈದನೇ ಕಿಲೋಮೀಟರಿನಲ್ಲಿ ಪಡುವಣದ ರಸ್ತೆಯಲ್ಲಿರುವವನಿಗೆ, ಮೂವತ್ತರಲ್ಲಿ ಪಿಲ್ಸೆನ್ ಹತ್ತಿರ ಇರುವವನಿಗೆ ‘ಓಟ ರದ್ದಾಗಿದೆ, ನಡೆಯಿರಿ’ ಎಂದರೆ ಏನರ್ಥ? ದಾರಿ ಹಿಡಿದೇ ನಡೆದರೆ ಇನ್ನೂ ಎರಡು-ಮೂರು ಗಂಟೆ ಅದೇ ಬಿಸಿಲು. ಓಟ ರದ್ದಾಯಿತು, ಬಿಸಿಲು ರದ್ದಾಗಲಿಲ್ಲ. ನಡೆದರೆ ಮೈಯೊಳಗೆ ಹುಟ್ಟುವ ಶಾಖ ಕಡಿಮೆಯಾಗುತ್ತದೆ ನಿಜ, ಅದೇ ಈ ಆದೇಶದ ಹಿಂದಿನ ವೈದ್ಯಕೀಯ ತರ್ಕ. ಜೊತೆಗೆ ನೀರು, ನೆರಳು, ಗಾಡಿ ಬೇಕು. ಅವು ಇರುವಲ್ಲಿ ಮಾತ್ರ ‘ನಡೆಯಿರಿ’ ಎಂಬ ಮಾತಿಗೆ ಬೆಲೆ.

ಆದೇಶ ಎಲ್ಲರ ಕಿವಿಗೂ ಒಂದೇ ಹೊತ್ತಿಗೆ ಬೀಳಲೂ ಇಲ್ಲ. ಒಂದು ಚೌಕದಲ್ಲಿ ನಿಲ್ಲಿ ಎಂದದ್ದು ಕೇಳಿಸಿಕೊಂಡು ನಡೆಯತೊಡಗಿದವರ ಪಕ್ಕದಲ್ಲೇ ಇನ್ನೊಂದಿಷ್ಟು ಜನ ಓಡಿಹೋದರು. ಕೇಳಿಸಿಕೊಂಡೂ ಓಡಿದವರಿದ್ದರು. ಅವರನ್ನು ಮೂರ್ಖರೆಂದು ಬದಿಗಿಡುವುದು ಸುಲಭ. ಮ್ಯಾರಥಾನ್ ತಯಾರಿ ಅಂದರೆ ನಾಲ್ಕು ತಿಂಗಳು ಬೆಳಗಿನ ನಿದ್ದೆ ಬಿಟ್ಟು, ಭಾನುವಾರಗಳನ್ನು ಬಿಟ್ಟು, ‘ಸಾಕು ನಿಲ್ಲು’ ಎನ್ನುವ ಒಳದನಿಯನ್ನು ಕೇಳಿಸಿಕೊಳ್ಳದಿರುವುದನ್ನು ರೂಢಿ ಮಾಡಿಕೊಳ್ಳುವುದು. ಮೂವತ್ತರ ಆಚೆ ಎಲ್ಲ ದಿನವೂ ಮೈ ನಿಲ್ಲು ಅನ್ನುತ್ತದೆ, ತಂಪಿನ ದಿನದಲ್ಲೂ. ಅದನ್ನು ಮೀರುವುದನ್ನೇ ಕಲಿತು ಬಂದವನಿಗೆ ಹೊರಗಿನಿಂದ ಇನ್ನೊಂದು ‘ನಿಲ್ಲು’ ಬಂದರೆ ಅದನ್ನೂ ಅದೇ ಪಟ್ಟಿಗೆ ಸೇರಿಸುತ್ತಾನೆ. ಜೊತೆಗೆ, ನನಗೇನೂ ಆಗಿಲ್ಲ, ಆಗುವುದು ಬೇರೆಯವರಿಗೆ ಎಂಬ ಧೈರ್ಯ. ಶಾಖಾಘಾತದ ಕೆಡುಕೇ ಅದು: ಮೊದಲು ಮಂಕಾಗುವುದು ತೀರ್ಮಾನ ಮಾಡುವ ಬುದ್ಧಿ.

ನೂರಾರು ಜನರಿಗೆ ಚಿಕಿತ್ಸೆ ಬೇಕಾಯಿತು, ಹಲವರು ಆಸ್ಪತ್ರೆ ಸೇರಿದರು. ಒಬ್ಬ ಓಟಗಾರ ದಾರಿಯಲ್ಲಿ ಕುಸಿದು ತೀರಿಕೊಂಡರು. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ಅವರ ಹೃದಯದ ಮೈಟ್ರಲ್ ಕವಾಟದ ದೋಷ ಕಾರಣವೆಂದು ಬಂತು, ಬಿಸಿಲು ಎಂದಲ್ಲ. ಈ ಪ್ರಕರಣವನ್ನು ನೆನೆಯುವವರು ಆ ಸಾವನ್ನು ಬಿಸಿಲಿನ ಖಾತೆಗೆ ಬರೆದುಬಿಡುವುದನ್ನು ಬಹಳ ಕಡೆ ಕಂಡಿದ್ದೇನೆ. ಹಾಗೆ ಬರೆಯುವುದು ಸರಿಯಲ್ಲ. ಇನ್ನೊಂದು ಅಂಕಿಯಲ್ಲೂ ಎಚ್ಚರ ಬೇಕು. ಹೆಸರು ಕೊಟ್ಟೂ ಬಾರದ ಒಂಬತ್ತು ಸಾವಿರ ಚಿಲ್ಲರೆ ಜನರೆಲ್ಲ ಬಿಸಿಲಿಗೆ ಹೆದರಿದವರಲ್ಲ. ಗಾಯ, ಕೆಲಸ, ಅರ್ಧಂಬರ್ಧ ತಯಾರಿ ಎಂದು ಪ್ರತಿ ವರ್ಷವೂ ದೊಡ್ಡ ಓಟಗಳಲ್ಲಿ ಕೆಲವು ಸಾವಿರ ಜನ ಬರುವುದೇ ಇಲ್ಲ. ಹೊರಟೂ ಮುಗಿಸದ 10,934 ಜನರಲ್ಲೂ ಸುಸ್ತಾಗಿ ಬಿಟ್ಟವರು, ಬುದ್ಧಿವಂತಿಕೆಯಿಂದ ಬಿಟ್ಟವರು, ಮೈಯಲ್ಲಿ ಕಸುವಿದ್ದೂ ತಿರುಗಿಸಿ ಕಳಿಸಲ್ಪಟ್ಟವರು ಎಲ್ಲ ಸೇರಿದ್ದಾರೆ. ಈ ಕೊನೆಯವರ ಸಿಟ್ಟು ವರ್ಷಗಟ್ಟಲೆ ಆರಲಿಲ್ಲ.

ನಿಲ್ಲಿಸಿದ್ದು ಸರಿಯೇ? ಹನ್ನೊಂದೂವರೆಗೆ ಅವರ ಮುಂದೆ ಇದ್ದ ಪರಿಸ್ಥಿತಿಯಲ್ಲಿ ಸರಿಯೇ. ಆಂಬುಲೆನ್ಸುಗಳು ತುಂಬುತ್ತಿದ್ದಾಗ, ಮಧ್ಯಾಹ್ನ ಇನ್ನೂ ಬರಬೇಕಿದ್ದಾಗ ಬೇರೆ ದಾರಿ ಇರಲಿಲ್ಲ. ಓಟದ ನಿರ್ದೇಶಕ ಕ್ಯಾರಿ ಪಿಂಕೋವ್‌ಸ್ಕಿಯವರನ್ನು ಅದಕ್ಕಾಗಿ ಟೀಕಿಸಿದವರ ಜೊತೆ ನಾನಿಲ್ಲ. ಆದರೆ ಆ ಪರಿಸ್ಥಿತಿ ಹನ್ನೊಂದೂವರೆಗೆ ಹುಟ್ಟಿದ್ದಲ್ಲ. ಎಂಟೂವರೆಗೆ, ಮೊದಲ ಮೇಜಿನ ಮುಂದೆ ಅದು ಶುರುವಾಗಿತ್ತು.

ಆಮೇಲೆ ಬದಲಾದದ್ದು

ಮರುವರ್ಷ ಮಾಡಿದ ತಿದ್ದುಪಡಿಗಳನ್ನು ನೋಡಿದರೆ ಸಂಘಟಕರೂ ಗಂಟು ಎಲ್ಲಿದೆ ಎಂದು ಗುರುತಿಸಿದ್ದರು ಅನ್ನಿಸುತ್ತದೆ. ನೀರಿನ ತಾಣಗಳು 15ರಿಂದ 20ಕ್ಕೆ ಏರಿದವು. ಬಣ್ಣದ ಬಾವುಟಗಳ ಸೂಚನಾ ವ್ಯವಸ್ಥೆ ಬಂತು: ಹಸಿರು, ಹಳದಿ, ಕೆಂಪು, ಕಪ್ಪು. ಹಸಿರೆಂದರೆ ನಿಶ್ಚಿಂತೆ, ಹಳದಿಗೆ ಎಚ್ಚರ, ಕೆಂಪಿಗೆ ವೇಗ ಇಳಿಸಿ, ಕಪ್ಪೆಂದರೆ ಓಟ ಮುಗಿಯಿತು. ಕೂಗಿ ಹೇಳುವುದಕ್ಕಿಂತ ಬಾವುಟ ಲೇಸು. ಹತ್ತನೇ ಕಿಲೋಮೀಟರಿನಲ್ಲಿ ಹಸಿರು ಕಂಡವನು ಇಪ್ಪತ್ತರಲ್ಲಿ ಹಳದಿ, ಇಪ್ಪತ್ತೈದರಲ್ಲಿ ಕೆಂಪು ಕಂಡರೆ ತಾನೇ ಕಾಲು ನಿಧಾನಿಸುತ್ತಾನೆ, ಕಪ್ಪು ಬಂದಾಗ ಅದು ಸಿಡಿಲಿನಂತೆ ಎರಗುವುದಿಲ್ಲ. ಈಗ ಷಿಕಾಗೋದಲ್ಲಿ ಮೊದಲ ತಂಡ ಏಳೂವರೆಗೇ ಹೊರಡುತ್ತದೆ, ಉಳಿದವರನ್ನು ಅಲೆಅಲೆಯಾಗಿ ಬಿಡುತ್ತಾರೆ. ಮೊದಲ ಮೇಜಿನ ಮೇಲೆ ಎಲ್ಲರೂ ಒಮ್ಮೆಲೇ ಮುಗಿಬೀಳದಿರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಈ ತಿದ್ದುಪಡಿಗಳಿಗೆ ಪರೀಕ್ಷೆ ಬೇಗನೇ ಬಂತು. 2008ರ ಅಕ್ಟೋಬರ್ 12ರಂದೂ ಷಿಕಾಗೋದಲ್ಲಿ ಸೆಕೆ, ಮಧ್ಯಾಹ್ನದ ಹೊತ್ತಿಗೆ 28 ಡಿಗ್ರಿಯ ಆಸುಪಾಸು. 2007ರಷ್ಟಲ್ಲ, ಆದರೂ ಮ್ಯಾರಥಾನಿಗೆ ಹೆಚ್ಚೇ. ಅಂದು ಓಟ ನಿಲ್ಲಲಿಲ್ಲ. ಮೂರು ಡಿಗ್ರಿ ಕಡಿಮೆ ಇದ್ದುದರಿಂದಲೋ, ಐದು ತಾಣ ಹೆಚ್ಚಿದ್ದುದರಿಂದಲೋ, ಹಿಂದಿನ ವರ್ಷದ ಸುದ್ದಿ ಓದಿದ ಓಟಗಾರರು ಮೊದಲಿನಿಂದಲೇ ನಿಧಾನಿಸಿದ್ದರಿಂದಲೋ, ಬಿಡಿಸಿ ಹೇಳುವುದು ಕಷ್ಟ. ನನ್ನ ಮತ ಎರಡನೆಯದಕ್ಕೆ ಹೆಚ್ಚು.

ಬೇರೆ ಊರುಗಳೂ ಬೇರೆಬೇರೆ ದಾರಿ ಹಿಡಿದವು. 2012ರ ಏಪ್ರಿಲಿನಲ್ಲಿ ಬಾಸ್ಟನ್ನಿಗೆ ಇಂಥದೇ ಸೆಕೆ ಬಂದಾಗ ಅಲ್ಲಿನವರು ಓಟ ನಿಲ್ಲಿಸಲಿಲ್ಲ. ಈ ವರ್ಷ ಬೇಡ ಅನ್ನಿಸಿದವರು ಮುಂದಿನ ವರ್ಷ ಬನ್ನಿ ಎಂದು ಮೊದಲೇ ಬಾಗಿಲು ತೆರೆದಿಟ್ಟರು. ಅರ್ಹತೆ ಗಿಟ್ಟಿಸಲು ವರ್ಷಗಟ್ಟಲೆ ಓಡಿದವರಿಗೆ ಆ ಒಂದು ಮಾತು ದೊಡ್ಡದು: ನಿಂತರೆ ಎಲ್ಲ ಕಳೆದುಕೊಂಡ ಹಾಗಲ್ಲ. 2023ರ ಅಕ್ಟೋಬರ್ 1ರಂದು ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರದ ಟ್ವಿನ್ ಸಿಟೀಸ್ ಮ್ಯಾರಥಾನನ್ನು ಬೆಳ್ಳಂಬೆಳಿಗ್ಗೆಯೇ, ಓಟ ಹೊರಡುವ ಮೊದಲೇ, ಕಪ್ಪು ಬಾವುಟ ತೋರಿಸಿ ರದ್ದು ಮಾಡಿದರು. ಬೈದವರು ಬಹಳ. ಬೈಗುಳ ಕೇಳಲು ಅದೇ ಸರಿಯಾದ ಹೊತ್ತು: ಜನ ಹೋಟೆಲಿನಲ್ಲಿ, ಕಾರಿನಲ್ಲಿ, ಆರಂಭದ ಗೆರೆಯ ಹತ್ತಿರ ಇರುವಾಗ. ಇಪ್ಪತ್ತೈದನೇ ಕಿಲೋಮೀಟರಿನಲ್ಲಿ ಚದುರಿಹೋದ ಮೇಲಲ್ಲ.

ನಮ್ಮ ಕಡೆಯ ಓಟಗಾರರು ಈ ಪ್ರಕರಣದಿಂದ ತಮಗೆ ಬೇಕಾದ್ದನ್ನು ತೆಗೆದುಕೊಳ್ಳುವುದಾದರೆ ಅದು ಮುಂಬಯಿಯ ಜನವರಿಗೂ ಬೆಂಗಳೂರಿನ ಬೇಸಿಗೆಯ ಹತ್ತು ಕಿಲೋಮೀಟರಿಗೂ ಒಂದೇ. ಮುಂಬಯಿಯಲ್ಲಿ ಪೂರ್ತಿ ಮ್ಯಾರಥಾನನ್ನು ಐದು ಗಂಟೆಯ ಕತ್ತಲಲ್ಲೇ ಬಿಡುವುದು ಇದೇ ಕಾರಣಕ್ಕೆ. ಆದರೂ ಐದೂವರೆ, ಆರು ಗಂಟೆ ತೆಗೆದುಕೊಳ್ಳುವವರು ಪೆಡ್ಡರ್ ರಸ್ತೆಯ ಏರು ಹತ್ತುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ. ಹೆಸರು ಕೊಡುವಾಗ ಟೀಶರ್ಟಿನ ಬಣ್ಣ, ಪದಕದ ವಿನ್ಯಾಸ ಎಲ್ಲ ವಿಚಾರಿಸುತ್ತೇವೆ. ನೀರಿನ ತಾಣ ಎಷ್ಟು, ಮೊದಲನೆಯದು ಎಷ್ಟನೇ ಕಿಲೋಮೀಟರಿಗೆ, ಕೊನೆಯ ಓಟಗಾರ ಬರುವ ತನಕ ಮೇಜು ಎತ್ತದೆ ಇರುತ್ತೀರಾ, ಸೆಕೆ ಹೆಚ್ಚಾದರೆ ಹೇಗೆ ತಿಳಿಸುತ್ತೀರಿ ಎಂದು ಕೇಳುವವರು ಕಡಿಮೆ. ಕೇಳಿದರೆ ಉತ್ತರ ಇಲ್ಲದ ಸಂಘಟಕರು ಇದ್ದಾರೆ. ಅಂಥ ಓಟಕ್ಕೆ ಸ್ವಂತ ಬಾಟಲಿ ಸೊಂಟಕ್ಕೆ ಕಟ್ಟಿಕೊಂಡೇ ಹೋಗಬೇಕು, ಇಲ್ಲವೇ ಹೋಗಬಾರದು.